ಬಲಿಪೀಠದ ಬಳಿ ರಾಜಲಾಂಛನ



ದೇವರ ಬಲಿಪೀಠದ ಬಳಿ ಅರಸನ ಲಾಂಛನಕ್ಕೆ ಸ್ಥಳವುಂಟೇ? ಸ್ಪೇನ್ ದೇಶದ ಗ್ರನಾಡ ನಗರದಲ್ಲಿರುವ ರಾಜಪ್ರಾರ್ಥನಾಲಯವನ್ನು ಕುರಿತು ಓದುವಾಗ ಈ ಪ್ರಶ್ನೆ ಏಳುತ್ತದೆ. ರಾಣಿ ಇಸಬೆಲ್ಲಾ ಮತ್ತು ರಾಜ ಫರ್ಡಿನಾಂಡ್ ತಮ್ಮ ಸಮಾಧಿಗೆಂದು 1504ರಲ್ಲಿ ಅದನ್ನು ಸ್ಥಾಪಿಸಿದರು. ಅಲ್ಲಿನ ಎತ್ತರದ ಕಬ್ಬಿಣದ ಜಾಲರಿಯ ಮೇಲೆ ಅವರ ಲಾಂಛನವಿದೆ: ಕ್ಯಾಸ್ಟೀಲಿನ ಕೋಟೆ, ಲಿಯೋನಿನ ಸಿಂಹ, ಅರಗಾನಿನ ಪಟ್ಟೆಗಳು, ಗೆದ್ದುಕೊಂಡ ಗ್ರನಾಡದ ಗುರುತಾಗಿ ದಾಳಿಂಬೆ.

ಜಾಲರಿಯ ಆಚೆ, ಬಲಿಪೀಠದ ಹಿಂದೆ, ಶಿಲ್ಪಿ ಫೆಲಿಪೆ ಬಿಗಾರ್ನಿ 1520ರಿಂದ 1522ರವರೆಗೆ ನಿರ್ಮಿಸಿದ ಮರದ ಕೆತ್ತನೆಯ ಭವ್ಯ ಫಲಕವಿದೆ. ಮೇಲೆ ಶಿಲುಬೆಯಲ್ಲಿ ಪ್ರಭು ಯೇಸು. ನಡುವೆ ಸ್ನಾನಿಕ ಯೊವಾನ್ನರ ಶಿರಚ್ಛೇದ. ಕೆಳಗೆ ಇಕ್ಕೆಲಗಳಲ್ಲಿ ಮೊಣಕಾಲೂರಿದ ರಾಜ ಮತ್ತು ರಾಣಿ.

ಕಿರೀಟ ಧರಿಸಿದವರು ದೇವರ ಮುಂದೆ ಮೊಣಕಾಲೂರುವುದರಲ್ಲಿ ತಪ್ಪೇನು? ತಪ್ಪಿಲ್ಲ. ಅಧಿಕಾರವು ದೇವರಿಂದ ಬಂದ ಹೊಣೆ ಎಂದು ಒಪ್ಪಿಕೊಳ್ಳುವುದೇ ಅದರ ಅರ್ಥವಾದರೆ, ಲಾಂಛನವೂ ಒಂದು ಕಾಣಿಕೆಯೇ. ಇಸಬೆಲ್ಲಾ ತನ್ನ ಮರಣಶಾಸನದಲ್ಲಿ ಫ್ರಾನ್ಸಿಸ್ಕನ್ ಉಡುಪಿನಲ್ಲಿ ತನ್ನನ್ನು ಹೂಳಬೇಕೆಂದೂ, ಪ್ರತಿಮೆಯಿಲ್ಲದ, ನೆಲಮಟ್ಟದ ಚಪ್ಪಡಿ ಸಾಕೆಂದೂ ಕೇಳಿಕೊಂಡಿದ್ದಳು. ಆದರೂ ಅಮೃತಶಿಲೆಯ ಎತ್ತರದ ಸಮಾಧಿಯೇ ಎದ್ದಿತು. ಸೀಸದ ಸಾದಾ ಶವಪೆಟ್ಟಿಗೆಗಳು ಅದರ ಕೆಳಗಿನ ನೆಲಮಾಳಿಗೆಯಲ್ಲಿವೆ.

ಆದರೆ ಫಲಕದ ಬುಡದತ್ತ ನೋಡಿರಿ. ಅಲ್ಲಿ ಗ್ರನಾಡದ ಮುಸ್ಲಿಂ ಅರಸ ಶರಣಾಗುತ್ತಿದ್ದಾನೆ. ಅವನ ಪ್ರಜೆಗಳು, ಗಂಡಸರೂ ಹೆಂಗಸರೂ, ದೀಕ್ಷಾಸ್ನಾನ ಪಡೆಯುತ್ತಿದ್ದಾರೆ. 1491ರ ಒಪ್ಪಂದದಲ್ಲಿ ಅವರ ಧರ್ಮಕ್ಕೆ ಕೈ ಹಾಕುವುದಿಲ್ಲವೆಂದು ರಾಜದಂಪತಿಗಳು ಮಾತು ಕೊಟ್ಟಿದ್ದರು. 1499ರಲ್ಲಿ ಮಹಾಧರ್ಮಾಧ್ಯಕ್ಷ ಸಿಸ್ನೆರೋಸರ ಒತ್ತಾಯದಿಂದ ಸಾಮೂಹಿಕ ದೀಕ್ಷಾಸ್ನಾನಗಳು ಆರಂಭವಾದವು. 1502ರಲ್ಲಿ ಕ್ಯಾಸ್ಟೀಲಿನ ಮುಸ್ಲಿಮರಿಗೆ ಎರಡೇ ದಾರಿ ಉಳಿಯಿತು: ಮತಾಂತರ, ಇಲ್ಲವೇ ದೇಶತ್ಯಾಗ. ಹೀಗೆ ಕ್ರೈಸ್ತರಾದವರ ಸಂತತಿಯನ್ನೂ 1609ರಿಂದ 1614ರವರೆಗೆ ದೇಶದಿಂದ ಹೊರಗಟ್ಟಲಾಯಿತು. ದೀಕ್ಷಾಸ್ನಾನ ಪಡೆದಿದ್ದರೂ ಅವರು ಸಹೋದರರಾಗಲಿಲ್ಲ.

‘ಅದು ಆ ಕಾಲದ ರೀತಿ’ ಎಂದು ಸಮಾಧಾನ ಹೇಳಿಕೊಳ್ಳುವವರಿದ್ದಾರೆ. ಆದರೆ ಅದಕ್ಕೂ ಇನ್ನೂರು ವರ್ಷಗಳಿಗಿಂತ ಹಿಂದೆಯೇ ಸಂತ ಥಾಮಸ್ ಅಕ್ವಿನಾಸರು, ವಿಶ್ವಾಸವು ಇಚ್ಛೆಯ ಕ್ರಿಯೆಯಾದುದರಿಂದ ಅವಿಶ್ವಾಸಿಗಳನ್ನು ಅದಕ್ಕೆ ಬಲವಂತಪಡಿಸಬಾರದೆಂದು ಬೋಧಿಸಿದ್ದರು. ಆ ಕಾಲಕ್ಕೆ ಬೆಳಕಿರಲಿಲ್ಲವೆಂದಲ್ಲ. ಅಧಿಕಾರದ ನೆರಳು ಅದನ್ನು ಮುಚ್ಚಿತ್ತು. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಧಾರ್ಮಿಕ ಸ್ವಾತಂತ್ರ್ಯವು ಮಾನವ ಘನತೆಯ ಹಕ್ಕೆಂದು ಸಾರಿತು. 2000ದ ಮಾರ್ಚ್ 12ರಂದು ಪೋಪ್ ಎರಡನೇ ಜಾನ್ ಪಾಲ್, ಸತ್ಯದ ಸೇವೆಯ ಹೆಸರಿನಲ್ಲಿ ಸಭೆಯ ಮಕ್ಕಳು ತೋರಿದ ಅಸಹನೆಗಾಗಿ ದೇವರ ಕ್ಷಮೆ ಬೇಡಿದರು.

ಹಾಗಾದರೆ ಕಾಣಿಕೆಯನ್ನೂ ಒಡೆತನವನ್ನೂ ಬೇರ್ಪಡಿಸಿ ತಿಳಿಯುವುದು ಹೇಗೆ? ಕಾಣಿಕೆಯಲ್ಲಿ ನಮ್ಮದನ್ನು ದೇವರಿಗೆ ಬಿಟ್ಟುಕೊಡುತ್ತೇವೆ. ಒಡೆತನದಲ್ಲಿ ದೇವರದನ್ನು ನಮ್ಮದೆಂದು ಗುರುತು ಹಾಕಿಕೊಳ್ಳುತ್ತೇವೆ. ಗ್ರನಾಡದ ಅರಸರು ತಮ್ಮ ಕಿರೀಟವನ್ನು ಕಾಣಿಕೆಯಾಗಿ ಅರ್ಪಿಸಬಹುದಿತ್ತು. ಪರರ ಮನಸ್ಸಾಕ್ಷಿಯನ್ನು ಅರ್ಪಿಸಲು ಅದು ಅವರದಾಗಿರಲಿಲ್ಲ.

ನಮಗೆ ರಾಜಲಾಂಛನವಿಲ್ಲ, ಮನೆತನದ ಮರ್ಯಾದೆಯಿದೆ. ಮಗ ಗುರುವಾಗಲಿ, ಮಗಳು ಕನ್ಯಾಸ್ತ್ರೀಯಾಗಲಿ ಎಂದು ಪ್ರಾರ್ಥಿಸುವುದು ಒಳ್ಳೆಯದೇ. ಆದರೆ ‘ನಮ್ಮ ಮನೆಯಿಂದ ಒಬ್ಬರಾದರೂ ಇರಬೇಕು’ ಎಂದು ಅವರನ್ನು ತಳ್ಳುವಾಗ ನಾವು ಅರ್ಪಿಸುತ್ತಿರುವುದು ಯಾರದನ್ನು? ಮಕ್ಕಳನ್ನು ಜಪಕ್ಕೆ ಕರೆಯಿರಿ, ನೀವೇ ಮೊದಲು ಮೊಣಕಾಲೂರಿರಿ. ‘ಆಗಲಿ’ ಎಂಬ ಮಾತು ಮಾತ್ರ ಅವರ ಬಾಯಿಂದಲೇ ಬರಲಿ. ಕನ್ಯಾ ಮರಿಯಳಿಂದಲೂ ದೇವರು ಆ ಮಾತಿಗಾಗಿ ಕಾದರಲ್ಲವೇ?