ಮೊದಲ ಚಿತ್ರವನ್ನು ಒಪ್ಪಿದ್ದು ಯಾರು?

(ಮೈಸೂರು. ಶನಿವಾರ ರಾತ್ರಿ, ಊಟ ಮುಗಿದ ಮೇಲೆ. ದೊಡ್ಡಪ್ಪ ಮುದ್ರಣಾಲಯವೊಂದರಲ್ಲಿ ಮೂವತ್ತು ವರ್ಷ ಪ್ರೂಫ್ ನೋಡಿ ನಿವೃತ್ತರಾದವರು. ಅವರ ತಮ್ಮನ ಮಗಳು ಸುಮಾ ಬೆಂಗಳೂರಿನಲ್ಲಿ ಮೂವರು ಗೆಳೆಯರ ಜೊತೆ ಸೇರಿ ಒಂದು ವಿಡಿಯೋ ಗೇಮ್ ಕಟ್ಟುತ್ತಿದ್ದಾಳೆ.)

ದೊಡ್ಡಪ್ಪ: ಆಗಿನಿಂದ ನೋಡ್ತಾ ಇದ್ದೀನಿ, ಒಂದೇ ಚಿತ್ರವನ್ನ ಎರಡು ಸಲ ಇಟ್ಟುಕೊಂಡು ಕೂತಿದ್ದೀಯಲ್ಲ?

ಸುಮಾ: ಒಂದೇ ಅಲ್ಲ ದೊಡ್ಡಪ್ಪ. ಎಡಗಡೆಯದು ಮಾರ್ಚ್‌ನಲ್ಲಿ ತೆಗೆದದ್ದು, ಬಲಗಡೆಯದು ನಿನ್ನೆ ರಾತ್ರಿಯದು. ಮೂರನೇ ಲೆವೆಲ್‌ನಲ್ಲಿ ಬರೋ ಕೋಟೆಯ ಮೆಟ್ಟಿಲು. ಆಟದ ಉದ್ದಕ್ಕೂ ಇನ್ನೂರಕ್ಕೂ ಹೆಚ್ಚು ಕಡೆ ಕ್ಯಾಮೆರಾ ನಿಲ್ಲಿಸಿದ್ದೀವಿ. ಹಗಲು ನಾವು ಏನಾದರೂ ಬದಲಿಸಿದರೆ, ರಾತ್ರಿ ಕಂಪ್ಯೂಟರ್ ತಾನೇ ಆಟ ತೆರೆದು, ಒಂದೊಂದು ಜಾಗಕ್ಕೂ ಹೋಗಿ ಚಿತ್ರ ತೆಗೆದು, ಹಳೆಯದರ ಜೊತೆ ತಾಳೆ ನೋಡುತ್ತೆ. ಹೊಂದದಿದ್ದರೆ ಬೆಳಿಗ್ಗೆ ಕೆಂಪು ಗುರುತು ಕಾದಿರುತ್ತೆ.

ದೊಡ್ಡಪ್ಪ: ಹಾಗಾದರೆ ಅದು ನಾನು ಮಾಡುತ್ತಿದ್ದ ಕೆಲಸವೇ. ಮೂಲಪ್ರತಿ ಎಡಕ್ಕೆ, ಪ್ರೂಫ್ ಬಲಕ್ಕೆ.

ಸುಮಾ: ನಾನೂ ಹಾಗೇ ಅಂದುಕೊಂಡು ಶುರು ಮಾಡಿದೆ. ಆದರೆ ನಿಮ್ಮ ಮೂಲಪ್ರತಿ ಮೇಜಿನ ಮೇಲೆ ಸುಮ್ಮನೆ ಇರುತ್ತಿತ್ತು. ನಮ್ಮ ಕೋಟೆಯಲ್ಲಿ ದೀಪ ಅಲ್ಲಾಡುತ್ತೆ, ಹುಲ್ಲು ತೂಗುತ್ತೆ, ಮೋಡ ಓಡುತ್ತೆ. ಏನೂ ಬದಲಿಸದೆ ಎರಡು ಸಲ ತೆಗೆದರೂ ಎರಡು ಬೇರೆ ಚಿತ್ರ ಬರುತ್ತೆ. ಅದಕ್ಕೇ ಮೊದಲು ಆಟದ ಗಡಿಯಾರ ನಿಲ್ಲಿಸಬೇಕು. ಎಲ್ಲೆಲ್ಲಿ ಯಾದೃಚ್ಛಿಕ ಸಂಖ್ಯೆ ಬೇಕೋ ಅಲ್ಲೆಲ್ಲ ದಿನಾ ಅದೇ ಸಂಖ್ಯೆಯಿಂದ ಶುರುವಾಗೋ ಹಾಗೆ ಕಟ್ಟಿಹಾಕಬೇಕು. ಗೋಡೆಯ ಕಲ್ಲು ಮೊದಲು ಮಸುಕಾಗಿ ಬಂದು ಆಮೇಲೆ ಸ್ಪಷ್ಟವಾಗುತ್ತೆ, ಅಲ್ಲಿವರೆಗೆ ಕಾಯಬೇಕು. ಅಂಚುಗಳನ್ನ ನಯ ಮಾಡೋಕೆ ಹಿಂದಿನ ಫ್ರೇಮ್‌ಗಳನ್ನ ಬೆರೆಸುತ್ತಾರೆ. ಹಾಗಾಗಿ ಕ್ಯಾಮೆರಾ ನಿಂತ ಮೇಲೂ ಕೆಲವು ಫ್ರೇಮ್ ಬಿಟ್ಟುಕೊಡಬೇಕು. ಉಳಿಸೋದು ಪಿಎನ್‌ಜಿಯಲ್ಲಿ, ಜೆಪೆಗ್ ಆದರೆ ಅದೇ ತನ್ನ ಕಲೆ ಸೇರಿಸಿಬಿಡುತ್ತೆ.

ದೊಡ್ಡಪ್ಪ: ಅದೃಷ್ಟವನ್ನೂ ಕಟ್ಟಿಹಾಕೋದಾ!

ಸುಮಾ: ಅದೇನೂ ಹೊಸದಲ್ಲ. 1993ರ ಡೂಮ್ ಆಟದಲ್ಲಿ ಆಟಗಾರ ಕೊಟ್ಟ ಆಜ್ಞೆಗಳನ್ನಷ್ಟೇ ಬರೆದಿಟ್ಟುಕೊಂಡರೆ ಸಾಕಿತ್ತು, ಇಡೀ ಆಟ ಮತ್ತೆ ಹಾಗೇ ನಡೆಯುತ್ತಿತ್ತು. ಸೆಕೆಂಡಿಗೆ 35 ಸಲ ಮಿಡಿಯೋ ಗಡಿಯಾರ. ಅದೃಷ್ಟ ಅನ್ನೋದು 256 ಅಂಕಿಗಳ ಒಂದು ಪಟ್ಟಿ, ಅಷ್ಟೆ. ಆದರೆ ಇಷ್ಟೆಲ್ಲ ಮಾಡಿದರೂ, ಗ್ರಾಫಿಕ್ಸ್ ಕಾರ್ಡ್ ಬೇರೆಯಾದರೆ ದಶಾಂಶದ ಕೊನೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದುಬಿಡುತ್ತೆ. 1920 ಅಗಲ, 1080 ಎತ್ತರದ ಒಂದು ಚಿತ್ರದಲ್ಲಿ 20,73,600 ಚುಕ್ಕಿಗಳು. ಎಲ್ಲವೂ ಒಂದೇ ಇರಲಿ ಅಂತ ಹಟ ಹಿಡಿದರೆ ದಿನಾ ಕೆಂಪೇ. ಇಷ್ಟರವರೆಗೆ ಪರವಾಗಿಲ್ಲ ಅಂತ ಒಂದು ಮಿತಿ ಹಾಕಲೇಬೇಕು.

ದೊಡ್ಡಪ್ಪ: ವೇದಾಂತದಲ್ಲಿ ಒಬ್ಬ ದೇವದತ್ತ ಬರ್ತಾನೆ. ಅಂದು ಎಲ್ಲೋ ಕಂಡವನು ಇಂದು ಇಲ್ಲಿ ಸಿಕ್ಕಾಗ, ಅವನೇ ಇವನು ಅಂತೀವಿ. ಆ ಊರು ಬೇರೆ, ಈ ಊರು ಬೇರೆ; ಆ ಕಾಲ ಬೇರೆ, ಈ ಕಾಲ ಬೇರೆ. ಹೊಂದದ್ದನ್ನ ಬಿಟ್ಟು ಹೊಂದಿದ್ದನ್ನ ಉಳಿಸಿಕೊಂಡರೆ ಮನುಷ್ಯ ಒಬ್ಬನೇ. ಭಾಗತ್ಯಾಗ ಅಂತ ಹೆಸರು ಅದಕ್ಕೆ. ನೀನು ಮೋಡ ಬಿಟ್ಟೆ, ಗಾಳಿ ಬಿಟ್ಟೆ, ಕೂದಲೆಳೆ ಬಿಟ್ಟೆ. ಬಿಟ್ಟದ್ದು ದೇವದತ್ತನ ಅಂಗಿಯೋ, ಬೆರಳೋ? ನಿನ್ನ ಯಂತ್ರಕ್ಕೆ ಗೊತ್ತಾಗುತ್ತಾ?

ಸುಮಾ: ಗೊತ್ತಾಗಲ್ಲ. ಬೆರಳು ಕಳೆದುಕೊಂಡದ್ದೂ ಆಗಿದೆ. ಬಾವಿಯ ಹತ್ತಿರ ಒಂದು ಹಗ್ಗ ಇತ್ತು. ಅದನ್ನ ಕಂಡರೇನೇ ಆಟಗಾರನಿಗೆ ಕೆಳಗಿಳಿಯಬೇಕು ಅಂತ ಹೊಳೆಯೋದು. ದೂರದಿಂದ ಅದು ಎರಡು ಚುಕ್ಕಿ ಅಗಲ. ಒಂದು ದಿನ ಮಾಯವಾಯಿತು, ಪರೀಕ್ಷೆ ಹಸಿರಾಗೇ ಇತ್ತು. ಮಿತಿಯ ಒಳಗೇ ಬಿತ್ತಲ್ಲ! ಅದೇ ವಾರ ಗೋಡೆಯ ಬಣ್ಣ ಒಂದು ಛಾಯೆ ಬದಲಾದಾಗ ಮಾತ್ರ ಮೂವತ್ತು ಚಿತ್ರ ಕೆಂಪು. 2004ರಲ್ಲಿ ಬಂದ ಎಸ್‌ಎಸ್‌ಐಎಂ ಅನ್ನೋ ಲೆಕ್ಕ ಇದೆ. ಒಂಟಿ ಚುಕ್ಕಿಗಳನ್ನ ಅಳೆಯೋ ಬದಲು ಪುಟ್ಟ ಪುಟ್ಟ ತುಂಡುಗಳ ರಚನೆ ಉಳಿದಿದೆಯಾ ಅಂತ ನೋಡುತ್ತೆ; ನಮ್ಮ ಕಣ್ಣಿಗೆ ಇನ್ನಷ್ಟು ಹತ್ತಿರ. ಹಗ್ಗ ಯಾಕೆ ಬೇಕು ಅನ್ನೋದು ಅದಕ್ಕೂ ಗೊತ್ತಿಲ್ಲ.

ದೊಡ್ಡಪ್ಪ: ಮತ್ತೆ ಈ ಮೆಟ್ಟಿಲಿನ ಸಮಾಚಾರ?

ಸುಮಾ: ಹತ್ತಿರ ಬನ್ನಿ. ಈ ಕೀಲಿ ಒತ್ತಿದರೆ ಒಂದರ ಜಾಗದಲ್ಲಿ ಇನ್ನೊಂದು ಬರುತ್ತೆ. ದೀಪದ ಕೆಳಗೆ ನೋಡಿ.

ದೊಡ್ಡಪ್ಪ: ಇನ್ನೊಂದು ಸಲ... ಹಾಂ. ಕಬ್ಬಿಣದ ಗೂಟದ ನೆರಳು. ಒಂದರಲ್ಲಿ ಇದೆ, ಒಂದರಲ್ಲಿ ಇಲ್ಲ. ಹಾರಿಹೋಯಿತಾ ನಿನ್ನೆ?

ಸುಮಾ: ಇಲ್ಲ, ನಿನ್ನೆ ಬಂತು. ನೆರಳು ಇರಬೇಕಾದದ್ದೇ. ಮಾರ್ಚ್‌ನಲ್ಲಿ ಒಂದು ತಪ್ಪಿನಿಂದ ಹೋಗಿತ್ತು. ಆ ಸಂಜೆಯೇ ನಾನು ಮೂಲಚಿತ್ರಗಳನ್ನ ತೆಗೆಸಿದ್ದು. ಅಷ್ಟನ್ನೂ ಒಂದೇ ಕೂತಲ್ಲಿ ‘ಒಪ್ಪಿದೆ’ ಅಂತ ಒತ್ತಿದೆ. ಆಮೇಲೆ ಆರು ತಿಂಗಳು, ನೆರಳಿಲ್ಲದ ದೀಪವನ್ನ ಯಂತ್ರ ಪ್ರತಿ ರಾತ್ರಿ ಸರಿ ಅಂತಿತ್ತು. ನಿನ್ನೆ ಗೆಳೆಯ ತಪ್ಪನ್ನ ಸರಿಮಾಡಿದ. ಬೆಳಿಗ್ಗೆ ಕೆಂಪು ಬಂತು. ಅವನು ತಾನೇ ಏನೋ ಕೆಡಿಸಿದೆ ಅಂದುಕೊಂಡು ಅರ್ಧ ದಿನ ಹುಡುಕಿದ್ದಾನೆ. ಅದು ನನ್ನ ಮನಸ್ಸಿನಿಂದ ಹೋಗ್ತಾ ಇಲ್ಲ.

ದೊಡ್ಡಪ್ಪ: ಅಂದರೆ ಯಂತ್ರ ಅಂದದ್ದು ‘ಬದಲಾಗಿದೆ’ ಅಂತ. ನೀವು ಕೇಳಿಸಿಕೊಂಡದ್ದು ‘ಕೆಟ್ಟಿದೆ’ ಅಂತ.

ಸುಮಾ: ಹೌದು.

ದೊಡ್ಡಪ್ಪ: ಒಂದು ಖಗೋಳದ ಪುಸ್ತಕದ ಪ್ರೂಫ್ ನೋಡುವಾಗ ಓದಿದ್ದು. ಟಾಂಬೋ ಅನ್ನೋ ಹುಡುಗ, ಅಮೆರಿಕದ ಲೋವೆಲ್ ವೀಕ್ಷಣಾಲಯದಲ್ಲಿ, 1930ರ ಜನವರಿ 23 ಮತ್ತು 29ರಂದು ಆಕಾಶದ ಒಂದೇ ಭಾಗದ ಫೋಟೊ ತೆಗೆದಿದ್ದ. ಎರಡು ಗಾಜಿನ ಫಲಕ. ನೀನು ಈಗ ಮಾಡಿದ ಹಾಗೇ ಒಂದಾದ ಮೇಲೊಂದು ಕಣ್ಣಿಗೆ ತೋರಿಸೋ ಒಂದು ಯಂತ್ರ. ಫೆಬ್ರವರಿ 18ರಂದು, ಸಾವಿರಾರು ಚುಕ್ಕಿಗಳ ನಡುವೆ ಒಂದು ಚುಕ್ಕಿ ಜಿಗಿಯಿತು. ಅದು ಪ್ಲೂಟೊ. ಅವನಿಗೂ ಸಿಕ್ಕಿದ್ದು ವ್ಯತ್ಯಾಸವೇ ತಾನೇ?

ಸುಮಾ: ಆದರೆ ದೊಡ್ಡಪ್ಪ, ಚಿತ್ರ ಬಿಟ್ಟರೆ ನಮಗೆ ಬೇರೆ ದಾರಿ ಇಲ್ಲ. ದೀಪದ ಬೆಳಕು ಕಲ್ಲಿನ ಮೇಲೆ ಎಷ್ಟು ಬೆಚ್ಚಗೆ ಬೀಳಬೇಕು ಅನ್ನೋದನ್ನ ನಿಯಮವಾಗಿ ಬರೆಯೋಕೆ ಬರಲ್ಲ. ಹೀಗಿರಲಿ ಅಂತ ತೋರಿಸಬಹುದು ಅಷ್ಟೆ. ನನಗೆ ನಡುರಾತ್ರಿ ಕಣ್ಣು ಸೋಲುತ್ತೆ, ಯಂತ್ರಕ್ಕೆ ಸೋಲಲ್ಲ.

ದೊಡ್ಡಪ್ಪ: ಒಪ್ಪಿದೆ. ಆದರೆ ಚಿತ್ರದಲ್ಲಿ ಗೋಡೆ ಕಂಡರೆ ಆಟದಲ್ಲೂ ಗೋಡೆ ಇದ್ದ ಹಾಗೇನಾ?

ಸುಮಾ: ಅದೂ ಅಲ್ಲ. ಆಟದಲ್ಲಿ ಕಣ್ಣಿಗೆ ಕಾಣೋ ಗೋಡೆ ಒಂದು, ಮೈಗೆ ತಾಗೋ ಗೋಡೆ ಇನ್ನೊಂದು; ಎರಡನ್ನೂ ಬೇರೆ ಬೇರೆ ಮಾಡಿ ಒಂದರ ಮೇಲೊಂದು ಕೂರಿಸಿರ್ತೀವಿ. ತಾಗೋದು ಅಳಿಸಿಹೋದರೆ ಚಿತ್ರದಲ್ಲಿ ಒಂದು ಚುಕ್ಕಿಯೂ ಕದಲಲ್ಲ, ಆಟಗಾರ ಮಾತ್ರ ಕಲ್ಲಿನೊಳಗೆ ನಡೆದುಹೋಗ್ತಾನೆ. ಅದಕ್ಕೆ ಬೇರೆಯೇ ಪರೀಕ್ಷೆ ಬೇಕು. ನಿಮ್ಮಲ್ಲಿ ಮೂಲಪ್ರತಿಯೇ ತಪ್ಪಿದ್ದರೆ ಏನು ಮಾಡ್ತಿದ್ದಿರಿ?

ದೊಡ್ಡಪ್ಪ: ತಿದ್ದೋ ಅಧಿಕಾರ ನನಗಿರಲಿಲ್ಲ. ಇದ್ದ ಹಾಗೇ ಬಿಡೋಕೆ ಮನಸ್ಸು ಒಪ್ಪುತ್ತಿರಲಿಲ್ಲ. ಅಂಚಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿ ಲೇಖಕರಿಗೆ ಕಳಿಸುತ್ತಿದ್ದೆ. ನಿನ್ನ ಯಂತ್ರದಲ್ಲಿ ಹಸಿರು, ಕೆಂಪು ಎರಡೇ. ಅಂಚು ಎಲ್ಲಿದೆ?

ಸುಮಾ: ...ಇಲ್ಲ. ಚಿತ್ರ ಯಾವಾಗಿನದು ಅನ್ನೋದಷ್ಟೇ ಇದೆ. ಯಾರು ಒಪ್ಪಿದ್ದು, ಏನು ನೋಡಿ ಒಪ್ಪಿದ್ದು, ಯಾವುದೂ ಇಲ್ಲ.

ದೊಡ್ಡಪ್ಪ: ಕೋಟೆಯನ್ನ ಮೊದಲು ಕಲ್ಪಿಸಿಕೊಂಡವರು ಏನಾದರೂ ಬರೆದಿಟ್ಟಿದ್ದಾರಾ?

ಸುಮಾ: ಇದೆ. ಒಂದೊಂದು ಜಾಗಕ್ಕೂ ಎರಡು ಮೂರು ಸಾಲು, ಏನು ಕಾಣಬೇಕು, ಯಾಕೆ ಕಾಣಬೇಕು ಅಂತ.

ದೊಡ್ಡಪ್ಪ: ತಾ ಇಲ್ಲಿ. ಪ್ರೆಸ್ಸಿನಲ್ಲಿ ಒಬ್ಬ ಮೂಲ ಓದೋದು, ಇನ್ನೊಬ್ಬ ಪ್ರೂಫ್ ಮೇಲೆ ಬೆರಳಿಟ್ಟು ನೋಡೋದು. ಒಬ್ಬನೇ ಎರಡನ್ನೂ ನೋಡಿದರೆ ಕಣ್ಣು ತನಗೆ ಬೇಕಾದ್ದನ್ನ ಓದಿಕೊಂಡುಬಿಡುತ್ತೆ. ನಾನು ಓದ್ತೀನಿ, ನೀನು ನೋಡು. ಅವಸರ ಬೇಡ.

(ಅವರು ಕನ್ನಡಕ ಒರೆಸಿಕೊಂಡರು. ಅವಳು ಮೊದಲ ಚಿತ್ರ ತೆರೆದಳು.)

ದೊಡ್ಡಪ್ಪ: ‘ಹೆಬ್ಬಾಗಿಲು. ಬಲಕ್ಕೆ ಮುರಿದ ಬಂಡಿ, ಗಾಲಿ ಒಂದೇ.’

ಸುಮಾ: ಇದೆ.

ದೊಡ್ಡಪ್ಪ: ‘ಬಂಡಿಯ ಕೆಳಗೆ ನಾಯಿ. ದೂರದಿಂದಲೇ ಕಾಣಬೇಕು, ಆಟಗಾರ ಅದರ ಹಿಂದೆ ಹೋಗುತ್ತಾನೆ.’

ಸುಮಾ: ಬಂಡಿ ಇದೆ... ಕೆಳಗೆ ಬರೀ ಕತ್ತಲು. ಪ್ರಶ್ನೆ ಚಿಹ್ನೆ ಹಾಕಿ, ದೊಡ್ಡಪ್ಪ.