ಬಿತ್ತಿದವರು ಯಾರು, ಕೊಯ್ದವರು ಯಾರು?

ಒಬ್ಬ ಬಿತ್ತಿದ, ಕಳೆ ತೆಗೆದ, ಗೊಬ್ಬರ ಹಾಕಿದ. ತೆನೆ ಬಲಿಯುವ ಹೊತ್ತಿಗೆ ಹೊಲ ಇನ್ನೊಬ್ಬನ ಕೈಗೆ ಹೋಯಿತು. ರಾಶಿ ಮಾಡಿದವನು ಆ ಇನ್ನೊಬ್ಬ. ಈಗ ಬೆಳೆ ಯಾರದು? ಕಟ್ಟೆಯ ಮೇಲೆ ಕೂತವರು "ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ" ಅಂದು ಸುಮ್ಮನಾಗುತ್ತಾರೆ. ಆದರೆ ಮಾತು ಅಷ್ಟಕ್ಕೇ ಮುಗಿಯುವುದಿಲ್ಲ. ಗೋವಾದ ಫುಟ್‌ಬಾಲಿನಲ್ಲೇ ಇದಕ್ಕೊಂದು ನಿದರ್ಶನ ಇದೆ.

ಕ್ಲಿಫರ್ಡ್ ಮಿರಾಂಡಾ ಗೋವಾದವರು. ಡೆಂಪೊ ಕ್ಲಬ್ಬಿನಲ್ಲಿ ಅರ್ಮಾಂಡೊ ಕೊಲಾಸೊ ಅವರ ಕೈಕೆಳಗೆ ಆಡಿ ಬೆಳೆದವರು, ಭಾರತದ ಪರವಾಗಿಯೂ ಆಡಿದವರು. 2005ರಿಂದ 2012ರೊಳಗೆ ಡೆಂಪೊ ಐದು ಸಲ ದೇಶದ ಲೀಗ್ ಗೆದ್ದಿತ್ತು. ಆಟ ಬಿಟ್ಟ ಮೇಲೆ ಮಿರಾಂಡಾ ತರಬೇತಿಯ ಹಾದಿ ಹಿಡಿದರು.

2020ರ ಜನವರಿ ಕೊನೆಗೆ ಎಫ್‌ಸಿ ಗೋವಾ ತಂಡ ತನ್ನ ಸ್ಪೇನ್ ದೇಶದ ಕೋಚ್ ಸೆರ್ಜಿಯೊ ಲೊಬೆರಾ ಅವರನ್ನು ಬಿಡಿಸಿತು. ಅವರು 2017ರಿಂದ ತಂಡ ಕಟ್ಟಿದವರು. ಲೀಗಿನಲ್ಲಿ ಉಳಿದದ್ದು ಮೂರೇ ಪಂದ್ಯ. ಹೊಣೆ ಮಿರಾಂಡಾ ಹೆಗಲಿಗೆ ಬಂತು. ಹೈದರಾಬಾದ್ ಮೇಲೆ 4-1, ಮುಂಬೈ ಮೇಲೆ 5-2, ಜಮ್ಶೆಡ್‌ಪುರದ ಮೇಲೆ 5-0. ಮೂರೂ ಗೆದ್ದು ಗೋವಾ ಲೀಗ್ ಶೀಲ್ಡ್ ಪಡೆಯಿತು. ಮುಂದೆ ಸೆಮಿಫೈನಲ್‌ನಲ್ಲಿ ಚೆನ್ನೈಯಿನ್ ತಂಡದೆದುರು ಎರಡು ಪಂದ್ಯ ಸೇರಿ 5-6ರಿಂದ ಸೋತಿತು.

ಈಗ ಹೇಳಿ, ಶೀಲ್ಡ್ ಯಾರದು, ಸೋಲು ಯಾರದು? "ಶೀಲ್ಡು ಲೊಬೆರಾ ಕಟ್ಟಿದ್ದು, ಸೋಲು ಮಿರಾಂಡಾನದು" ಅಂದರೆ ಅದು ನ್ಯಾಯದ ಲೆಕ್ಕವಲ್ಲ. ಗೆಲುವಿಗೆ ಹಿಂದಿನವನ ದುಡಿಮೆ ಕಾರಣ ಅಂದಮೇಲೆ ಸೋಲಿಗೂ ಅವನ ಪಾಲು ಇರಲೇಬೇಕು. ಸೋಲು ಪೂರ್ತಿ ಹೊಸಬನದೇ ಅಂದರೆ, ಗೆಲುವಿನಲ್ಲೂ ಅವನ ಪಾಲು ಕೊಡಬೇಕು. ತಕ್ಕಡಿ ಒಂದೇ ಇರಲಿ.

ಕಾಲ ಇನ್ನೊಂದು ಸುತ್ತು ತಿರುಗಿತು. 2023ರಲ್ಲಿ ಒಡಿಶಾ ಎಫ್‌ಸಿಯ ಕೋಚ್ ಹೋದಾಗ ಮತ್ತೆ ನಡುವೆ ನಿಂತು ಹೊಣೆ ಹೊತ್ತವರು ಮಿರಾಂಡಾ. ಏಪ್ರಿಲ್ 25ರಂದು ಕೋಝಿಕ್ಕೋಡ್‌ನಲ್ಲಿ ಬೆಂಗಳೂರು ಎಫ್‌ಸಿಯನ್ನು 2-1ರಿಂದ ಸೋಲಿಸಿ ಆ ತಂಡ ಸೂಪರ್ ಕಪ್ ಗೆದ್ದಿತು. ಆಮೇಲೆ ಒಡಿಶಾ ಮುಖ್ಯ ಕೋಚ್ ಆಗಿ ಕರೆತಂದದ್ದು ಯಾರನ್ನು? ಅದೇ ಲೊಬೆರಾ ಅವರನ್ನು! ಗೋವಾದಲ್ಲಿ ಒಬ್ಬರು ಬಿತ್ತಿದ್ದನ್ನು ಇನ್ನೊಬ್ಬರು ಕೊಯ್ದರು. ಒಡಿಶಾದಲ್ಲಿ ಕೊಯ್ದವರು ಹೊಲ ಬಿಟ್ಟುಕೊಟ್ಟರು.

ನಮ್ಮ ಶಾಲೆಗಳಲ್ಲಿ ಇದು ದಿನದ ಮಾತು. ವರ್ಷದ ನಡುವೆ ಮಾಸ್ತರರಿಗೆ ವರ್ಗ ಆಗುತ್ತದೆ. ಹತ್ತನೇ ತರಗತಿಯ ಫಲಿತಾಂಶ ಬಂದಾಗ ಹಾರ ಬೀಳುವುದು ಹತ್ತನೆಯ ಗುರುಗಳಿಗೆ. ಒಂದನೆಯ ತರಗತಿಯಲ್ಲಿ ಕೈ ಹಿಡಿದು ಅಕ್ಷರ ತಿದ್ದಿಸಿದ ಅಕ್ಕೋರನ್ನು ಯಾರು ನೆನೆಸುತ್ತಾರೆ? ಹಾಗಂತ ಹತ್ತನೆಯವರ ದುಡಿಮೆ ಸುಳ್ಳೇ? ಅದೂ ಅಲ್ಲ.

ನನಗನಿಸುವುದಿಷ್ಟು. ಫಲವನ್ನು ಪಾಲು ಮಾಡಲು ಬರುವುದಿಲ್ಲ, ಹೊಣೆಯನ್ನು ಮಾಡಬಹುದು. ಬಿಟ್ಟು ಹೋಗುವವನ ಹೊಣೆ, ಕೆಡಿಸದೆ ಹೋಗುವುದು: ಯಾವ ಮಗು ಕಳೆಯುವ ಲೆಕ್ಕದಲ್ಲಿ ಹಿಂದಿದೆ, ಯಾವುದಕ್ಕೆ ಬೋರ್ಡು ಸರಿಯಾಗಿ ಕಾಣುವುದಿಲ್ಲ ಎಂದು ಮುಂದಿನವನಿಗೆ ತಿಳಿಸಿ ಹೋಗುವುದು. ಬಂದವನ ಹೊಣೆ ಎರಡು: ಅರ್ಧಕ್ಕೆ ನಿಂತ ಕೆಲಸವನ್ನು ತನ್ನದೇ ಎಂಬಂತೆ ಮಾಡುವುದು, ಗೆದ್ದ ದಿನ ಹಿಂದಿನವನ ಹೆಸರು ಹೇಳುವುದು. ಹೆಸರು ನುಂಗುವುದೂ ಕಳ್ಳತನವೇ.

ಇನ್ನೊಂದು ಮಾತು ಉಳಿಯಿತು. ಹೊಲದ ಹೋಲಿಕೆ ಒಂದು ಹಂತದವರೆಗೆ ಮಾತ್ರ ನಡೆಯುತ್ತದೆ. ಜೋಳ ತಾನಾಗಿ ಓಡುವುದಿಲ್ಲ. ಆ ಮೂರು ಪಂದ್ಯಗಳಲ್ಲಿ ಹದಿನಾಲ್ಕು ಗೋಲು ಹೊಡೆದದ್ದು ಲೊಬೆರಾನೂ ಅಲ್ಲ, ಮಿರಾಂಡಾನೂ ಅಲ್ಲ. ಕೋಚ್ ಗೆರೆಯ ಆಚೆ ನಿಂತವನು. ಒಂದು ಕಾಲದಲ್ಲಿ ಎಷ್ಟೇ ಚೆನ್ನಾಗಿ ಆಡಿದ್ದರೂ, ಈಗ ಒಳಗೆ ಬಂದು ಚೆಂಡು ಮುಟ್ಟುವಂತಿಲ್ಲ. ಪರೀಕ್ಷೆಯ ಕೋಣೆಯ ಹೊರಗೆ ನಿಂತ ಗುರುವೂ ಅಷ್ಟೇ. ಬೆಳೆ ಯಾರದು ಅಂತ ಬಿತ್ತಿದವರೂ ಕೊಯ್ದವರೂ ಜಗಳಕ್ಕೆ ನಿಂತರೆ, ಒಳಗೆ ಕೂತು ಬರೆಯುತ್ತಿರುವ ಮಗುವನ್ನು ಇಬ್ಬರೂ ಮರೆತಂತೆ.