ಯಾವುದರಿಂದ ನಿವೃತ್ತಿ?

ನಿವೃತ್ತಿ ಎಂದರೆ ಹಿಂದಿರುಗುವುದು, ಮರಳುವುದು. ಸಂಸ್ಕೃತದ ‘ವೃತ್’ ಧಾತುವಿನ ದೊಡ್ಡ ಬಳಗಕ್ಕೆ ಸೇರಿದ ಪದ ಇದು. ವೃತ್ತ, ವೃತ್ತಿ, ಪ್ರವೃತ್ತಿ, ಆವೃತ್ತಿ, ವರ್ತನೆ ಎಲ್ಲವೂ ಒಂದೇ ಬೇರಿನ ಟಿಸಿಲುಗಳು. ಎಲ್ಲದರೊಳಗೂ ತಿರುಗುವ ಇಲ್ಲವೇ ನಡೆದುಕೊಳ್ಳುವ ಅರ್ಥ ಸುಳಿಯುತ್ತದೆ. ಮುಂದಕ್ಕೆ ಹೊರಳುವುದು ಪ್ರವೃತ್ತಿ, ಹಿಂದಕ್ಕೆ ಹೊರಳುವುದು ನಿವೃತ್ತಿ. ಕಚೇರಿ ಕನ್ನಡ ಈ ಹಳೆಯ ಪದವನ್ನು ಎತ್ತಿಕೊಂಡು ‘ವಯೋನಿವೃತ್ತಿ’ ಎಂದು ಕಡತಕ್ಕೆ ಸೇರಿಸಿತು. ಅಲ್ಲಿಂದಾಚೆಗೆ ಬಹಳ ಜನ ಅದನ್ನು ‘ವೃತ್ತಿ ಇಲ್ಲದಿರುವುದು’ ಎಂದೇ ಓದಿಕೊಂಡಿದ್ದಾರೆ. ‘ಇಲ್ಲ’ ಎಂಬ ಅರ್ಥ ಕೊಡುವ ಉಪಸರ್ಗ ‘ನಿರ್’, ಇಲ್ಲಿರುವುದು ‘ನಿ’. ರೇಫವೊಂದರ ವ್ಯತ್ಯಾಸ, ಆದರೆ ತತ್ತ್ವವೆಲ್ಲ ನಿಂತಿರುವುದು ಅದರ ಮೇಲೆ. ಕೆಲಸ ಇಲ್ಲವಾಗುವುದು ಒಂದು ಸ್ಥಿತಿ. ಮರಳುವುದು ಒಂದು ಕ್ರಿಯೆ, ಅದನ್ನು ಯಾರಾದರೂ ಮಾಡಬೇಕು. ಮರಳುವುದೆಂದರೆ ಯಾವುದರಿಂದ ಎಂಬ ಪ್ರಶ್ನೆಯೂ ಅದರ ಬೆನ್ನಿಗೇ ಬರುತ್ತದೆ.

ಶಂಕರಾಚಾರ್ಯರು ತಮ್ಮ ಗೀತಾಭಾಷ್ಯವನ್ನು ತೆರೆಯುವುದೇ ಈ ಜೋಡಿ ಪದಗಳಿಂದ. ವೇದ ಹೇಳುವ ಧರ್ಮ ಎರಡು ಬಗೆಯದು: ಮರೀಚಿ ಮೊದಲಾದ ಪ್ರಜಾಪತಿಗಳಿಗೆ ಕೊಟ್ಟದ್ದು ಪ್ರವೃತ್ತಿಧರ್ಮ, ಸನಕ ಸನಂದನರಿಗೆ ಕೊಟ್ಟದ್ದು ಜ್ಞಾನ ವೈರಾಗ್ಯಗಳ ಗುರುತುಳ್ಳ ನಿವೃತ್ತಿಧರ್ಮ. ಲೋಕ ನಿಲ್ಲುವುದಕ್ಕೆ ಎರಡೂ ಬೇಕೆಂಬುದು ಅವರ ನಿಲುವು. ಮನುಸ್ಮೃತಿಯ ಕೊನೆಯ ಅಧ್ಯಾಯ ಇದೇ ಭೇದವನ್ನು ಬೇರೆ ಕಡೆಯಿಂದ ಹಿಡಿಯುತ್ತದೆ. ಅಲ್ಲಿ ಫಲದ ಆಸೆಯಿಂದ ಮಾಡಿದ ಕರ್ಮ ‘ಪ್ರವೃತ್ತ’, ಆಸೆ ಬಿಟ್ಟು ತಿಳಿದು ಮಾಡಿದ ಕರ್ಮ ‘ನಿವೃತ್ತ’. ಅಂದರೆ ನಿವೃತ್ತಿಯಲ್ಲೂ ಕರ್ಮ ಇದೆ! ಮಧ್ವಾಚಾರ್ಯರ ಪರಂಪರೆ ಒತ್ತು ಕೊಡುವುದು ಈ ಎರಡನೆಯ ಅರ್ಥಕ್ಕೆ. ಒಂದು ಕಡೆ ಕರ್ಮದಿಂದ ಜ್ಞಾನದ ಕಡೆಗೆ ಮರಳುವುದು, ಇನ್ನೊಂದು ಕಡೆ ಕರ್ಮದೊಳಗೇ ಇದ್ದು ಆಸೆಯಿಂದ ಮರಳುವುದು. ಮುಂದಿನ ಸಾವಿರ ವರ್ಷದ ವಾದವೆಲ್ಲ ಈ ಎರಡರ ನಡುವಿನ ಜಗ್ಗಾಟ.

ಭಗವದ್ಗೀತೆಯ 18ನೆಯ ಅಧ್ಯಾಯ ಬಿಡುವುದರಲ್ಲೂ ಮೂರು ದರ್ಜೆ ಮಾಡುತ್ತದೆ. ಮಾಡಲೇಬೇಕಾದುದನ್ನು ಮಂಕು ಕವಿದು ಬಿಟ್ಟರೆ ಅದು ತಾಮಸ. ಮೈಗೆ ತ್ರಾಸಾಗುತ್ತದೆಂದು ಅಂಜಿ ಬಿಟ್ಟರೆ ರಾಜಸ. ಕೆಲಸವನ್ನು ಹಿಡಿದೇ ಇದ್ದು, ಅಂಟನ್ನೂ ಫಲವನ್ನೂ ಬಿಟ್ಟರೆ ಸಾತ್ವಿಕ. ಮೂರರಲ್ಲೂ ಹೊರಗಿನಿಂದ ನೋಡಿದರೆ ಕಾಣುವುದು ‘ಬಿಟ್ಟ’ ಎಂಬುದೊಂದೇ. ನಿವೃತ್ತನಾದವನು ಬೆಳಿಗ್ಗೆ ಹನ್ನೊಂದಕ್ಕೆ ಕಟ್ಟೆಯ ಮೇಲೆ ಕೂತಿದ್ದರೆ ಅದು ಮೂರರಲ್ಲಿ ಯಾವುದೆಂದು ದಾರಿಹೋಕನಿಗೆ ತಿಳಿಯುವುದಿಲ್ಲ, ಎಷ್ಟೋ ಸಲ ಕೂತವನಿಗೂ ತಿಳಿದಿರುವುದಿಲ್ಲ.

ಯಾವಾಗ ಮರಳಬೇಕು ಎಂಬುದಕ್ಕೆ ಉತ್ತರ ಕೊಡಲು ಹೊರಟದ್ದು ಆಶ್ರಮವ್ಯವಸ್ಥೆ. ಹಳೆಯ ಧರ್ಮಸೂತ್ರಗಳಲ್ಲಿ ಬ್ರಹ್ಮಚರ್ಯ, ಗಾರ್ಹಸ್ಥ್ಯ, ವಾನಪ್ರಸ್ಥ, ಸಂನ್ಯಾಸ ನಾಲ್ಕೂ ಒಬ್ಬನು ಆರಿಸಿಕೊಳ್ಳಬಹುದಾದ ಬೇರೆ ಬೇರೆ ಬಾಳುಗಳಾಗಿದ್ದವು; ಅವು ಒಂದರ ಮೇಲೊಂದು ಮೆಟ್ಟಿಲಾದದ್ದು ಆಮೇಲೆ. ಮನು ವಾನಪ್ರಸ್ಥಕ್ಕೆ ಇಷ್ಟು ವರ್ಷ ಎಂದು ಲೆಕ್ಕ ಹೇಳುವುದಿಲ್ಲ. ಚರ್ಮ ಸುಕ್ಕಾದಾಗ, ಕೂದಲು ನರೆತಾಗ, ಮಗನಿಗೆ ಮಗ ಹುಟ್ಟಿದಾಗ ಕಾಡಿಗೆ ಹೊರಡಬೇಕೆನ್ನುತ್ತಾನೆ. ಮೈ ಮತ್ತು ಮನೆ, ಇವೆರಡೇ ಅಲ್ಲಿನ ಕ್ಯಾಲೆಂಡರು. ಕರ್ನಾಟಕ ಸರ್ಕಾರದ ಕ್ಯಾಲೆಂಡರು ಬೇರೆ. ಮೊದಲು 58 ಇದ್ದ ವಯಸ್ಸು ಈಗ 60. ಅರವತ್ತು ತುಂಬಿದ ತಿಂಗಳ ಕೊನೆಯ ದಿನ ಬಿಡುಗಡೆ, ಹುಟ್ಟಿದ್ದು ಒಂದನೇ ತಾರೀಖಾದರೆ ಅದರ ಹಿಂದಿನ ತಿಂಗಳ ಕೊನೆಗೇ. ಹಳ್ಳಿಯ ಶಾಲೆಗೆ ಹುಡುಗನನ್ನು ಎಳೆದು ತಂದಾಗ ತಂದೆಗೆ ತಾರೀಖು ಗೊತ್ತಿರುತ್ತಿರಲಿಲ್ಲ. ಮಾಸ್ತರರು ಶಾಲೆ ಶುರುವಾಗುವ ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ಹಾಗಾಗಿ ಇಡೀ ಒಂದು ಪೀಳಿಗೆ ಮೇ 31ರ ಸಂಜೆ ಒಟ್ಟಿಗೇ ಹಾರ ಹಾಕಿಸಿಕೊಂಡು ಮನೆಗೆ ಬಂದಿದೆ. ಬದುಕಿನ ದೊಡ್ಡ ತಿರುವೊಂದು ಅಂದಾಜಿನಲ್ಲಿ ಬರೆದ ದಿನಾಂಕದ ಮೇಲೆ ನಿಂತಿರುವುದು ತತ್ತ್ವಜ್ಞರು ಗಮನಿಸಬೇಕಾದ ಸಂಗತಿಯೇ.

ಕಾಡಿಗೆ ಹೋಗದೆಯೂ ಮರಳಬಹುದೇ? ಸಿಂಧನೂರಿಗೆ ಹತ್ತಿರದ ಮಸ್ಕಿಯಲ್ಲಿ ಇದಕ್ಕೊಂದು ಕಲ್ಲಿನ ಸಾಕ್ಷಿಯಿದೆ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಕಂಡುಹಿಡಿದ ಕಿರುಶಾಸನ ಅದು. ಬೇರೆ ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ ಯಾರೆಂಬ ಗೊಂದಲವನ್ನು ಅಶೋಕ ಎಂಬ ಹೆಸರನ್ನೇ ಹೊತ್ತು ತೀರಿಸಿದ ಶಾಸನವೆಂದು ಇತಿಹಾಸದ ಪಾಠದಲ್ಲಿ ಎಲ್ಲರೂ ಓದುತ್ತಾರೆ. ಅದರ ಒಳಗಿನ ಮಾತು ಅಷ್ಟಾಗಿ ಚರ್ಚೆಯಾಗುವುದಿಲ್ಲ. ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷಕ್ಕೆ ಮೇಲಾಯಿತು, ಸಂಘದ ಹತ್ತಿರ ಬಂದು ಗಟ್ಟಿಯಾಗಿ ಶ್ರಮಿಸುತ್ತಿದ್ದೇನೆ ಎಂದು ರಾಜ ಹೇಳಿಕೊಳ್ಳುತ್ತಾನೆ. ಧರ್ಮಕ್ಕೆ ತೊಡಗಿದರೆ ಸಣ್ಣವನಿಗೂ ಇದು ಸಾಧ್ಯ, ದೊಡ್ಡವರಿಗೆ ಮಾತ್ರ ಎಂದು ತಿಳಿಯಬಾರದು ಎಂದೂ ಸೇರಿಸುತ್ತಾನೆ. ಗಮನಿಸಬೇಕಾದದ್ದು, ಈ ಮಾತು ಆಡುವಾಗ ಅವನು ಸಿಂಹಾಸನ ಬಿಟ್ಟಿರಲಿಲ್ಲ. ಹುದ್ದೆಯಲ್ಲಿ ಇದ್ದೇ ಹೊರಳಿದವನು ಅವನು. ಹುದ್ದೆ ಬಿಟ್ಟೂ ಹೊರಳದವರ ಸಂಖ್ಯೆಯೇ ಹೆಚ್ಚೆಂಬುದು ಯಾವ ನಿವೃತ್ತ ನೌಕರರ ಸಭೆಗೆ ಹೋದರೂ ಕಾಣುತ್ತದೆ. ಮುಂದಿನ ಸಾಲಿನ ಕುರ್ಚಿ ಯಾರಿಗೆ ಎಂಬ ಪ್ರಶ್ನೆ ಅಲ್ಲಿಯೂ ಬಗೆಹರಿದಿರುವುದಿಲ್ಲ.

ಹೊರಳುವುದು ಏಕೆ ಕಷ್ಟ ಎನ್ನುವುದನ್ನು ಯೋಗಶಾಸ್ತ್ರ ಚೆನ್ನಾಗಿ ವಿವರಿಸುತ್ತದೆ. ಅಲ್ಲಿ ‘ವೃತ್ತಿ’ ಎಂದರೆ ಉದ್ಯೋಗವಲ್ಲ, ಚಿತ್ತದ ಅಲೆ. ಪ್ರತಿ ಅಲೆಯೂ ಒಂದು ಗುರುತು ಉಳಿಸಿ ಹೋಗುತ್ತದೆ, ಅದು ಸಂಸ್ಕಾರ. ಸಂಸ್ಕಾರದಿಂದ ಮತ್ತೆ ಅಂಥದೇ ಅಲೆ ಏಳುತ್ತದೆ. ಈ ಚಕ್ರ ಹಗಲಿರುಳು ತಿರುಗುತ್ತಲೇ ಇರುತ್ತದೆಂದು ಯೋಗಸೂತ್ರದ ವ್ಯಾಸಭಾಷ್ಯ ಹೇಳುತ್ತದೆ. ಮೂವತ್ತೈದು ವರ್ಷ ಶಾಲೆ ನಡೆಸಿದ ಹೆಡ್‌ಮಾಸ್ತರರೊಬ್ಬರನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ಆದೇಶ ಬಂದ ಮರುದಿನವೂ ಎಂಟೂವರೆಗೆ ಇಸ್ತ್ರಿ ಅಂಗಿ ಮೈಮೇಲೆ ಏರುತ್ತದೆ. ಪಡಸಾಲೆಯಲ್ಲಿ ಪೇಪರು ಹಿಡಿದು ಕೂತರೆ ಕೈ ತಾನಾಗಿ ಜೇಬಿನ ಕೆಂಪು ಪೆನ್ನಿಗೆ ಹೋಗಿ ಸುದ್ದಿಯಲ್ಲಿನ ಕಾಗುಣಿತದ ತಪ್ಪಿಗೆ ಗೆರೆ ಎಳೆಯುತ್ತದೆ. ಮೊಮ್ಮಗಳು ನೀರು ಕುಡಿಯಲು ಎದ್ದರೆ “ಕೇಳಿ ಹೋಗಬೇಕು” ಎನ್ನುತ್ತಾರೆ. ಅಡುಗೆಮನೆಯಿಂದ ಸೊಸೆ, “ಮಾವಾರ, ಇದು ಸಾಲಿ ಅಲ್ರೀ” ಎಂದರೆ ನಗುತ್ತಾರೆ, ಮುಂದಿನ ಸಲವೂ ಹಾಗೆಯೇ ಹೇಳುತ್ತಾರೆ. ಶಾಲೆ ಬಿಟ್ಟಿದೆ, ಗಂಟೆ ಒಳಗೆ ಬಾರಿಸುತ್ತಲೇ ಇದೆ.

ಇದನ್ನು ಸ್ವಭಾವ ಎಂದು ಕರೆದು ಕೈತೊಳೆದುಕೊಳ್ಳುವುದುಂಟು: “ಅವರ ಸ್ವಭಾವಾನೇ ಹಂಗ.” ವೇದಾಂತ ಅಷ್ಟಕ್ಕೆ ಬಿಡುವುದಿಲ್ಲ. ‘ನಾನು ಮಾಡುವವನು’ ಎಂಬ ಕರ್ತೃತ್ವದ ಹಮ್ಮು ಹುದ್ದೆಯನ್ನು ಅಂಗಿಯಂತೆ ತೊಟ್ಟಿರುತ್ತದೆ. ಬಹಳ ದಿನ ತೊಟ್ಟ ಅಂಗಿ ಚರ್ಮವೆಂದೇ ಅನಿಸತೊಡಗುತ್ತದೆ. ಈ ಒಂದನ್ನು ಇನ್ನೊಂದೆಂದು ಭ್ರಮಿಸುವುದಕ್ಕೆ ಶಂಕರರು ಕೊಟ್ಟ ಹೆಸರು ಅಧ್ಯಾಸ. ನಿವೃತ್ತಿಯ ಆದೇಶ ಕಳಚುವುದು ಅಂಗಿಯನ್ನು ಮಾತ್ರ. ನೋವಾಗುವುದು ಚರ್ಮ ಸುಲಿದಂತೆ. ಫೋನು ಬರುವುದು ನಿಂತಾಗ, ದಾರಿಯಲ್ಲಿ ನಮಸ್ಕಾರ ಕಡಿಮೆಯಾದಾಗ ಆಗುವ ಕಸಿವಿಸಿಗೆ ಕಾರಣ ಹುಡುಕಬೇಕಾದದ್ದು ಇಲ್ಲಿ, ಲೋಕದ ಕೃತಘ್ನತೆಯಲ್ಲಿ ಅಲ್ಲ.

ಹಮ್ಮಿನ ಜೋಡಿ ಮಮಕಾರ, ಅದು ಮನೆಯೊಳಗೆ ಕೆಲಸ ಮಾಡುತ್ತದೆ. ಬೃಹದಾರಣ್ಯಕೋಪನಿಷತ್ತಿನ ಯಾಜ್ಞವಲ್ಕ್ಯ ಮನೆ ಬಿಟ್ಟು ಹೊರಡುವ ಮುನ್ನ ಆಸ್ತಿಯನ್ನು ಮೈತ್ರೇಯಿ, ಕಾತ್ಯಾಯನಿ ಇಬ್ಬರಿಗೂ ಹಂಚಲು ಕೂರುತ್ತಾನೆ. ಭೂಮಿಯೆಲ್ಲ ಹಣ ತುಂಬಿ ಕೊಟ್ಟರೂ ಅದರಿಂದ ಸಾವು ದಾಟಬಹುದೇ ಎಂದು ಮೈತ್ರೇಯಿ ಕೇಳುತ್ತಾಳೆ. ವಾಟ್ನಿಯ ಮಾತು ಆತ್ಮವಿಚಾರವಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ವಾಟ್ನಿಯ ಮಾತು ಸಾಮಾನ್ಯವಾಗಿ ಅಷ್ಟು ಎತ್ತರಕ್ಕೆ ಹೋಗುವುದಿಲ್ಲ. ನೀರು ಹಾಯುವ ಗದ್ದೆ ಯಾರಿಗೆ, ಕಾಲುವೆಯ ಕೊನೆಯ ಒಣ ತುಂಡು ಯಾರಿಗೆ ಎಂಬಲ್ಲಿಗೇ ನಿಲ್ಲುತ್ತದೆ. ಎಂಬತ್ತಾದರೂ ಪಹಣಿಯಲ್ಲಿ ತನ್ನ ಹೆಸರೇ ಇರಬೇಕೆನ್ನುವ ಮುದುಕನನ್ನು ಆಸೆಬುರುಕನೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಪೆನ್ಶನ್ ಇರುವವನು ಕೈಬಿಡುವುದಕ್ಕೂ ಪಹಣಿಯೊಂದೇ ಆಸರೆಯಾದವನು ಕೈಬಿಡುವುದಕ್ಕೂ ಅಂತರವಿದೆ. ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಈಚೆಗೆ ನೌಕರಿಗೆ ಸೇರಿದವರಲ್ಲಿ ಹೆಚ್ಚಿನವರಿಗೆ ಹಳೆಯ ಮಾದರಿಯ ಪೆನ್ಶನ್ ಇಲ್ಲ. ಗದ್ದೆಯ ಕೂಲಿಗೆ ಯಾವ ಕಾಲದಲ್ಲೂ ಇರಲಿಲ್ಲ, 65 ಆದ ಮೇಲೆ ಸಂಧ್ಯಾ ಸುರಕ್ಷಾ ಬಂದರೆ ಬಂತು. ನಿವೃತ್ತಿಯ ತತ್ತ್ವವನ್ನು ಬರೆದವರು ಈ ಲೆಕ್ಕವನ್ನು ಹೆಚ್ಚಾಗಿ ಬಿಟ್ಟೇ ಬರೆದಿದ್ದಾರೆ.

ಬಿಟ್ಟುಹೋದದ್ದು ಇನ್ನೊಂದಿದೆ. ಮನು ವಾನಪ್ರಸ್ಥನಿಗೆ ಹೆಂಡತಿಯನ್ನು ಮಕ್ಕಳ ಬಳಿ ಬಿಟ್ಟು ಹೋಗಬಹುದು, ಇಲ್ಲವೇ ಜೊತೆಗೆ ಕರೆದೊಯ್ಯಬಹುದು ಎನ್ನುತ್ತಾನೆ. ಅವಳ ನಿವೃತ್ತಿ ಯಾವಾಗ ಎಂದು ಹೇಳುವುದಿಲ್ಲ. ಗಂಡನಿಗೆ ಆದೇಶ ಬಂದ ತಿಂಗಳಿನಿಂದ ಹೆಂಡತಿಗೆ ಕೆಲಸ ಹೆಚ್ಚುತ್ತದೆ: ಬೆಳಿಗ್ಗೆ ಒಂದಿದ್ದ ಚಹಾ ನಾಲ್ಕಾಗುತ್ತದೆ, ಮಧ್ಯಾಹ್ನ ತಂಗಳನ್ನ ಉಂಡು ಅಡ್ಡಾಗುತ್ತಿದ್ದವಳು ಬಿಸಿ ರೊಟ್ಟಿ ಬಡಿಯಬೇಕಾಗುತ್ತದೆ. ಅವಳ ನಿವೃತ್ತಿಗೆ ಒಂದೇ ಗುರುತು, ಸೊಂಟದ ಬೀಗದ ಕೈ ಗೊಂಚಲು ಸೊಸೆಯ ಕೈಗೆ ಹೋಗುವುದು. ಅದಕ್ಕೆ ಹಾರ, ಶಾಲು, ಭಾಷಣ ಯಾವುದೂ ಇಲ್ಲ.

ಲಿಂಗಸುಗೂರು ತಾಲ್ಲೂಕಿನ ಹೆಣ್ಣುಮಗಳೊಬ್ಬಳು ಹನ್ನೆರಡನೆಯ ಶತಮಾನದಲ್ಲಿ ಈ ಇಡೀ ಚರ್ಚೆಯನ್ನು ಬುಡಮೇಲು ಮಾಡಿದ್ದಾಳೆ. ಅಮರೇಶ್ವರದ ಆಯ್ದಕ್ಕಿ ಲಕ್ಕಮ್ಮ, ಅವಳ ಗಂಡ ಮಾರಯ್ಯ ಇಬ್ಬರೂ ಊರು ಬಿಟ್ಟು ಕಲ್ಯಾಣ ಸೇರಿದವರು. ಇಬ್ಬರ ಅಂಕಿತದಲ್ಲೂ ಊರದೇವರು ಅಮರೇಶ್ವರಲಿಂಗ ಉಳಿದುಕೊಂಡಿದೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತರುತ್ತಾನೆ. ಲಕ್ಕಮ್ಮ ಒಲೆ ಹೊತ್ತಿಸುವುದಿಲ್ಲ. ಇದು ಕಾಯಕದ ಅಕ್ಕಿಯಲ್ಲ, ಆಸೆಯ ಅಕ್ಕಿ; ಆಸೆ ಅರಸರಿಗಿರಲಿ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಕಳಿಸುತ್ತಾಳೆ. ಇನ್ನೊಂದು ಸಂದರ್ಭದಲ್ಲಿ ಅವನು ಶರಣರ ಗೋಷ್ಠಿಯಲ್ಲಿ ಮೈಮರೆತು ಕೂತಾಗ, ಕಾಯಕ ನಿಂತಿದೆ ಎಂದು ಎಬ್ಬಿಸಿ ಅಟ್ಟುತ್ತಾಳೆ.

ಎರಡು ಸಂದರ್ಭಗಳನ್ನು ಜೋಡಿಸಿ ನೋಡಬೇಕು. ಕೆಲಸ ಹೆಚ್ಚಾದಾಗ ತಡೆದಳು, ಕೆಲಸ ನಿಂತಾಗ ತಳ್ಳಿದಳು. ಹಳೆಯ ಶಾಸ್ತ್ರಗಳಿಗೂ ಕಾಳು ಆಯ್ದು ಬದುಕುವುದು ಗೊತ್ತಿತ್ತು. ಅದಕ್ಕೆ ಉಂಛವೃತ್ತಿ ಎಂದು ಹೆಸರು, ಮಹಾಭಾರತದ ಶಾಂತಿಪರ್ವ ಅಂಥವನೊಬ್ಬನ ಕಥೆಯಿಂದಲೇ ಮುಗಿಯುತ್ತದೆ. ಅದು ಲೋಕದಿಂದ ಹಿಂದೆ ಸರಿಯುವವನ ವ್ರತ. ಲಕ್ಕಮ್ಮನ ಅಕ್ಕಿ ಹಾಗಲ್ಲ, ಅದು ಊಟಕ್ಕೆ ಬರುವ ಜಂಗಮರಿಗಾಗಿ ಬೇಯುವ ಅಕ್ಕಿ. ಇಲ್ಲಿ ಮರಳಬೇಕಾದದ್ದು ಆಸೆಯಿಂದ, ಅದೂ ಅರವತ್ತಕ್ಕಲ್ಲ, ದಿನಾ ಸಂಜೆ, ಬುಟ್ಟಿ ಇಳಿಸುವ ಹೊತ್ತಿಗೆ. ಕಾಯಕಕ್ಕೆ ನಿವೃತ್ತಿಯೇ ಇಲ್ಲ. ಕಾಯಕವನ್ನೂ ಕೈಲಾಸವನ್ನೂ ಒಂದೇ ಮಾಡಿದ ಆ ಪ್ರಸಿದ್ಧ ಮಾತನ್ನು ಜನ ಬಸವಣ್ಣನವರದೆಂದು ಹೇಳುವುದುಂಟು. ಅದು ಸಿಗುವುದು ಮಾರಯ್ಯನ ವಚನದಲ್ಲಿ. ಕೈಲಾಸದಿಂದ ಯಾರೂ ನಿವೃತ್ತರಾಗುವುದಿಲ್ಲವಷ್ಟೆ.

ಈ ನಿಲುವಿಗೂ ಒಂದು ತೊಡಕಿದೆ, ಅದನ್ನು ಮುಚ್ಚಿಡಬೇಕಿಲ್ಲ. ಕಾಯಕ ಎಂಬ ಪದದೊಳಗೇ ‘ಕಾಯ’ ಇದೆ. ಮಂಡಿ ಮಡಿಸದ, ಕಣ್ಣು ಮಂಜಾದ ಕಾಯ ಏನು ಮಾಡಬೇಕು? ದಾಸೋಹ ಮಾಡುತ್ತಿದ್ದವರು ದಾಸೋಹದ ಪಂಕ್ತಿಯಲ್ಲಿ ಕೂರುವ ದಿನ ಬಂದಾಗ, ತೆಗೆದುಕೊಳ್ಳುವುದೂ ಕಾಯಕವೇ? ಕೊಟ್ಟು ರೂಢಿಯಾದ ಹಮ್ಮಿಗೆ ತೆಗೆದುಕೊಳ್ಳುವುದು ಅತಿ ಕಷ್ಟದ ಕೆಲಸವಾದ್ದರಿಂದ ಹೌದೆನ್ನಬಹುದು. ಮನೆಗಳು ಮಾತ್ರ ಇದಕ್ಕೆ ತಮ್ಮದೇ ಉತ್ತರ ಕಂಡುಕೊಂಡಿದ್ದವು. ಹೊಲಕ್ಕೂ ಒಲೆಗೂ ಆಗದ ಅಜ್ಜಿಯ ಮುಂದೆ ಮೊರದಲ್ಲಿ ಅಕ್ಕಿ ಹಾಕಿ ಇಡುತ್ತಿದ್ದರು. ಅವಳು ಬಾಗಿಲ ಬೆಳಕಿಗೆ ಮೊರವನ್ನು ವಾಲಿಸಿ, ಕಣ್ಣಿಗಿಂತ ಬೆರಳಿನಿಂದಲೇ ಕಲ್ಲು, ನೆಲ್ಲು, ಕರಿಕಾಳು ಹೆಕ್ಕುತ್ತಿದ್ದಳು. ಒಪ್ಪತ್ತು ಕಳೆಯುತ್ತಿತ್ತು, ಮನೆಗೂ ಅವಳ ಕೆಲಸ ಬೇಕಾಗಿರುತ್ತಿತ್ತು. ಈಗ ಸಿಂಧನೂರಿನ ರೈಸ್ ಮಿಲ್ಲುಗಳಿಂದ ಬರುವ ಸೋನಾ ಮಸೂರಿಯನ್ನು ಡಿಸ್ಟೋನರ್, ಸಾರ್ಟೆಕ್ಸ್ ಯಂತ್ರಗಳೇ ಆರಿಸಿ ಚೀಲಕ್ಕೆ ತುಂಬುತ್ತವೆ. ಹೆಕ್ಕಲು ಅದರಲ್ಲಿ ಒಂದು ಹರಳೂ ಸಿಗುವುದಿಲ್ಲ.